ಟೈಲ್ಸ್ ಸಂದಿಯ ಬಣ್ಣ

ಬಚ್ಚಲಿಗೆ ಟೈಲ್ಸ್ ಹಾಕಿಸಬೇಕೆಂದು ನಾವು ತೀರ್ಮಾನಿಸಿದ್ದು, ಅಮ್ಮಿ ಒಂದು ದಿನ ಫಜರ್ ನಮಾಜಿಗೆ ವುಜೂ ಮಾಡಲು ಹೋಗಿ ಜಾರಿ ಬಿದ್ದ ಮೇಲೆ. ಅಲ್ಲಾಹನ ದಯೆ, ಮೂಳೆ ಮುರಿಯಲಿಲ್ಲ. ಅಬ್ಬಾ ಕಟ್ಟಿಸಿದ ಮನೆ ನಮ್ಮದು. ಬಚ್ಚಲಿಗೆ ರೆಡ್ ಆಕ್ಸೈಡ್ ನೆಲ. ಆಗಿನ ಮೇಸ್ತ್ರಿ ಇಡೀ ದಿನ ಕುಕ್ಕರುಗಾಲಿನಲ್ಲಿ ಕುಳಿತು, ಕರಣೆಯಿಂದ ತೀಡಿ ತೀಡಿ ಹೊಳಪು ತಂದಿದ್ದನಂತೆ. 30 ವರ್ಷ ನೀರು ಬಿದ್ದು ಹೊಳಪು ಹೋಗಿ, ಪಾಚಿ ಮಾತ್ರ ಉಳಿದಿತ್ತು.

ನಾವು ಕತೆ ಬರೆಯುವವರು. ಸಿಮೆಂಟಿನ ವಿಷಯದಲ್ಲಿ ನಮಗಿದ್ದ ಜ್ಞಾನ ಸೊನ್ನೆ. ಆದರೆ ಹಣ ಕೊಡುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ಲೋಕರೂಢಿ. ಟೈಲ್ಸ್ ಕೂರಿಸಿದ ಮೇಲೆ ಮೇಸ್ತ್ರಿ ಹೇಳಿದರು: "ಸಾರ್, ಸಂದಿ ತುಂಬಿಸೋಕೆ ರೆಡಿ ಗ್ರೌಟ್ ಪ್ಯಾಕೆಟ್ ತನ್ನಿ. ಎಲ್ಲಾ ಪ್ಯಾಕೆಟ್ಟೂ ಒಂದೇ ಬ್ಯಾಚ್ ನಂಬರಿಂದು ಇರಲಿ. ಬಣ್ಣ ಒಂದೇ ಸಮ ಬರುತ್ತೆ." ನಾವು ಬೆಲೆ ಕೇಳಿದೆವು. ವೈಟ್ ಸಿಮೆಂಟಿಗೆ ಕಪ್ಪು ಆಕ್ಸೈಡ್ ಬೆರೆಸಿದರೆ ಅದೇ ಬೂದು ಬಣ್ಣ ಇನ್ನೂ ಅಗ್ಗದಲ್ಲಿ ಆಗುವುದಿಲ್ಲವೇ ಎಂದೆವು. "ಆಗುತ್ತೆ ಸಾರ್" ಎಂದರು. ಆ "ಆಗುತ್ತೆ"ಯಲ್ಲಿ ಎಷ್ಟು ಒಪ್ಪಿಗೆಯಿತ್ತು, ಎಷ್ಟು ಬೇಸರವಿತ್ತು ಎಂದು ಯೋಚಿಸುವ ವ್ಯವಧಾನ ನಮಗಿರಲಿಲ್ಲ.

ಅವರು ಮೂರು ಸಲ ಕಲಸಿದರು. ಊಟಕ್ಕೆ ಮುಂಚೆ ಒಂದು ಬಾಂಡ್ಲಿ, ಊಟದ ನಂತರ ಒಂದು, ಕೊನೆಗೆ ಬಾಗಿಲ ಬಳಿ ಸಾಲದೆ ಬಂದಾಗ ಜೊತೆಗಿದ್ದ ಹುಡುಗ ಕಲಸಿಕೊಟ್ಟದ್ದು ಇನ್ನೊಂದು. ಆಕ್ಸೈಡ್ ಪ್ರತಿ ಸಲವೂ ಕಣ್ಣಂದಾಜು. ಹೋಗುವಾಗ, "ನಾಳೆ ಸಂಜೆವರೆಗೂ ನೀರು ಮುಟ್ಟಿಸಬೇಡಿ" ಎಂದರು.

ಸಿಮೆಂಟಿಗೆ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆವು. ಮನೆ ಕಟ್ಟುವಾಗ ಅಬ್ಬಾ ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆಯುತ್ತಿದ್ದುದನ್ನು ಅಮ್ಮಿ ಇಂದಿಗೂ ಹೇಳುತ್ತಾರೆ. ಮೇಸ್ತ್ರಿ ಹೋದ ಎರಡು ಗಂಟೆಗೆ ನಾವೇ ಬೋರ್‌ವೆಲ್ ನೀರು ಹಿಡಿದು ಎರಡು ಬಕೆಟ್ ಸುರಿದೆವು. ಕ್ಯೂರಿಂಗ್ ಮಾಡಿದ ತೃಪ್ತಿಯಿಂದ ಮಲಗಿದೆವು.

ನಾಲ್ಕು ದಿನಕ್ಕೆ ನೆಲ ಒಣಗಿತು. ನಲ್ಲಿಯ ಕೆಳಗೆ ಸಂದಿ ಕಡುಬೂದು, ಬಾಗಿಲ ಬಳಿ ಮಾಸಲು, ನೀರು ಹೋಗುವ ತೂತಿನ ಸುತ್ತ ಬಿಳಿ ಬಿಳಿ. ಹೊಸ ಬಟ್ಟೆಗೆ ಮೂರು ಬಣ್ಣದ ದಾರದಲ್ಲಿ ಹೊಲಿಗೆ ಹಾಕಿದಂತಿತ್ತು. ಬಾಕಿ ಕೂಲಿಗೆಂದು ಬಂದ ಮೇಸ್ತ್ರಿಗೆ ಅದನ್ನು ತೋರಿಸಿ, 1,500 ರೂಪಾಯಿ ಹಿಡಿದುಕೊಂಡೆವು. ಅವರು ಜಗಳವಾಡಲಿಲ್ಲ. ನೆಲವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ನಿಮ್ಮಿಷ್ಟ ಸಾರ್" ಎಂದು ಹೊರಟುಹೋದರು.

ಹತ್ತು ದಿನದ ನಂತರ ನಾವು ಹಾರ್ಡ್‌ವೇರ್ ಅಂಗಡಿಗೆ ಹೋದೆವು, ಬಚ್ಚಲು ತೊಳೆಯುವ ಆಸಿಡ್ ತರಲು. ಅಂಗಡಿಯವರು ಬಾಟಲಿಗೆ ಕೈ ಹಾಕದೆ ವಿಚಾರಿಸಿದರು. "ಆಸಿಡ್ ಹಾಕಿದರೆ ಸಂದಿಯ ಸಿಮೆಂಟನ್ನೇ ತಿನ್ನುತ್ತೆ. ಈಗ ಮೂರು ಬಣ್ಣ, ಆಮೇಲೆ ಆರು ಬಣ್ಣ. ಅದಿರಲಿ, ನೀರು ಯಾವಾಗ ಬಿತ್ತು?" ಎಂದರು. ನಾವು ಹೆಮ್ಮೆಯಿಂದಲೇ ಹೇಳಿದೆವು. ಅವರು ನಕ್ಕುಬಿಟ್ಟರು. ಗೋಡೆಗೆ ನೀರು ಕುಡಿಸುವ ಲೆಕ್ಕ ಬೇರೆ. ಇನ್ನೂ ಗಟ್ಟಿಯಾಗದ ಬಣ್ಣದ ಸಂದಿಗೆ ಬಕೆಟ್ ನೀರು ಸುರಿದರೆ ಮೇಲಿನ ಸಿಮೆಂಟೂ ಬಣ್ಣವೂ ತೊಳೆದುಹೋಗುತ್ತವೆ, ಒಳಗಿನ ಸುಣ್ಣದಂಶ ನೀರಿನೊಡನೆ ಮೇಲೆ ಬಂದು ಒಣಗಿ ಬೆಳ್ಳಗಾಗುತ್ತದೆ, ಬೋರ್ ನೀರಿನ ಉಪ್ಪೂ ಅದಕ್ಕೆ ಸೇರಿಕೊಳ್ಳುತ್ತದೆ ಎಂದು ವಿವರಿಸಿದರು.

ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮಿ ಕೇಳಿದ್ದು ಒಂದೇ ಮಾತು: "ಪಾನಿ ಕೌನ್ ಡಾಲ್ಯಾ?" ನೀರು ಹಾಕಿದ್ದು ಯಾರು? ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಮದರಸದ ಚಾಪೆಯ ಮೇಲೆ ಕುಳಿತು ಕಲಿತವರು ನಾವು. ಇಲ್ಲಿ ಬೆವರು ಆರಿ ಹತ್ತು ದಿನವಾಗಿತ್ತು.

ಫೋನ್ ಮಾಡಿದೆವು. ಮೇಸ್ತ್ರಿ ಮರುದಿನವೇ ಬಂದರು. ಬಂದವರೇ ನೆಲದ ಮೇಲೆ ಕುಳಿತು ಒಂದೊಂದೇ ಸಂದಿಯನ್ನು ಉಗುರಿನಿಂದ ಕೆರೆದರು. ತೂತಿನ ಸುತ್ತ ಬಿಳಿ ಪುಡಿ ಉದುರಿ ಕೆಳಗೆ ಸರಿಯಾದ ಬೂದು ಕಂಡಿತು: ಅದು ಬರೀ ಉಪ್ಪು, ಸುಣ್ಣ. ಬಾಗಿಲ ಬಳಿ ಕೆರೆದಷ್ಟೂ ಮರಳಿನಂತೆ ಉದುರಿತು: ಕಲಸುವಾಗ ನೀರು ಹೆಚ್ಚಾಗಿತ್ತು. ನಲ್ಲಿಯ ಕೆಳಗೆ ಕಲ್ಲಿನಷ್ಟು ಗಟ್ಟಿ, ಬಣ್ಣ ಮಾತ್ರ ಬೇರೆ: ಆಕ್ಸೈಡ್ ಹೆಚ್ಚಾಗಿತ್ತು. "ಇದು ನಿಮ್ಮ ನೀರು, ಇದು ನಮ್ಮ ಹುಡುಗಂದು, ಇದು ನನ್ನದು" ಎಂದು ಪಾಲು ಮಾಡಿ ತೋರಿಸಿದರು. ಪಂಚಾಯ್ತಿ ಮುಗಿಯಿತು.

ಬಿಳಿ ಬಂದ ಕಡೆ ಮೊದಲು ಸಂದಿಯನ್ನು ನೀರಿನಿಂದ ನೆನೆಸಿ, ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ ಬ್ರಷ್‌ನಿಂದ ಉಜ್ಜಿ, ಕೂಡಲೇ ತೊಳೆದರು. ಮಾರ್ಬಲ್ ಆಗಿದ್ದರೆ ಅದೂ ಕೂಡದಂತೆ. ಬಾಗಿಲ ಬಳಿಯ ಸಂದಿಗಳನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಟೈಲ್ಸ್ ಅಂಚು ಕೀಳದಂತೆ ಕೆರೆದು ತೆಗೆದು, ಧೂಳು ಒರೆಸಿದರು. ಈ ಸಲ ರೆಡಿ ಗ್ರೌಟನ್ನೇ ತಂದಿದ್ದೆವು. ಪ್ಯಾಕೆಟ್ಟಿನ ಪುಡಿಯನ್ನೆಲ್ಲ ಒಣಗಿದ್ದಾಗಲೇ ಒಟ್ಟಿಗೆ ಬೆರೆಸಿ, ನೀರನ್ನು ಲೋಟದಲ್ಲಿ ಅಳೆದು ಕಲಸಿದರು. ತುಂಬಿಸಿ, ಸುಮಾರು 20 ನಿಮಿಷ ಬಿಟ್ಟು, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಓರೆಯಾಗಿ ಒರೆಸಿದರು. ಸಂದಿಯ ಉದ್ದಕ್ಕೇ ಒರೆಸಿದರೆ ತುಂಬಿದ್ದೆಲ್ಲ ಎದ್ದುಬರುತ್ತದೆ ಎಂಬುದನ್ನೂ ಅಂದು ಕಲಿತೆವು. ನಲ್ಲಿಯ ಕೆಳಗಿನ ಕಡುಬಣ್ಣಕ್ಕೆ, "ಪೂರ್ತಿ ಒಣಗಿದ ಮೇಲೆ ಸಂದಿಗೆ ಬಳಿಯೋ ಬಣ್ಣ ಸಿಗುತ್ತೆ, ಸಣ್ಣ ಬ್ರಷ್‌ನಲ್ಲಿ ಬಳೀಬಹುದು" ಎಂದರು. ಗಟ್ಟಿಯಾಗಿರುವುದು ಹಾಗೇ ಇರಲಿ ಎಂದೆವು ನಾವು.

ಹೊರಡುವಾಗ ಹಿಡಿದಿದ್ದ 1,500ಕ್ಕೆ ಅಂದಿನ ಕೂಲಿ ಸೇರಿಸಿ ಕೊಟ್ಟೆವು. ಅವರು ಎಣಿಸಿ, ಅಂದಿನ ಕೂಲಿಯಲ್ಲಿ ಅರ್ಧ ಹಿಂದಿರುಗಿಸಿದರು. ತಪ್ಪಿನಲ್ಲಿ ತಮ್ಮ ಪಾಲೂ ಇತ್ತಲ್ಲ ಎಂದರು. ಆ ಹುಡುಗನ ಕೂಲಿಯೂ ತಡವಾಯಿತೇನೋ ಎಂದು ನಾವು ಸಂಕೋಚದಿಂದ ಕೇಳಿದೆವು.

"ಅವನಿಗೆ ಅವತ್ತೇ ಕೊಟ್ಟೆ ಸಾರ್. ಅವನಿಗೆ ಕಾಯೋಕಾಗಲ್ಲ" ಎಂದರು, ಕರಣೆ ತೊಳೆಯುತ್ತಾ.

ನಮಗೆ ಮಾತು ಹೊರಡಲಿಲ್ಲ. ಅಮ್ಮಿ ಒಳಗಿನಿಂದ ಚಹಾ ತಂದುಕೊಟ್ಟರು.

ಈಗ ಬಚ್ಚಲಿಗೆ ನೀರು ಬಿದ್ದಾಗ ಸಂದಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣವಾಗಿ ಕಾಣುತ್ತವೆ. ಒಣಗಿದ ಮೇಲೆ ಮಾತ್ರ ನಲ್ಲಿಯ ಕೆಳಗೆ ಒಂದಷ್ಟು ಕಪ್ಪು ಉಳಿಯುತ್ತದೆ. ಅಮ್ಮಿ ತಮ್ಮ ವುಜೂ ಸ್ಟೂಲನ್ನು ಅಲ್ಲೇ ಇಟ್ಟುಕೊಂಡಿದ್ದಾರೆ. ಬಂದವರಿಗೆ ಆ ಕಪ್ಪು ಕಾಣಿಸುವುದಿಲ್ಲ. ನಮಗೆ ದಿನಕ್ಕೆ ಐದು ಸಲ ಕಾಣಿಸುತ್ತದೆ.

ಅಡುಗೆಮನೆಯ ಕೆಲಸ ಇನ್ನೂ ಬಾಕಿಯಿದೆ. ಪ್ಯಾಕೆಟ್ ತಂದಿಟ್ಟೇ ಕರೆಯಿರಿ ಎಂದು ಹೇಳಿಹೋಗಿದ್ದಾರೆ ಮೇಸ್ತ್ರಿ.