ಒಬ್ಬ ಸಂತ, ಎರಡು ಹೆಸರು

ಉರ್ದು ಪಾಠಗಳಲ್ಲಿ ನನಗೆ ಪರಿಚಯವಾದ ಹಜರತ್ ಖಿಜರ್, ದಾರಿ ತಪ್ಪಿದವರಿಗೆ ದಾರಿ ತೋರಿಸುವ ಹಿರಿಯರು. ಕನ್ನಡ ಪುಸ್ತಕದಲ್ಲಿ ಸಿಕ್ಕ ಸಂತ ಜಾರ್ಜ್, ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಇಂಗ್ಲೆಂಡಿನ ಪಾಲಕ ಸಂತರು. ಪ್ಯಾಲೆಸ್ತೀನಿನ ಜನಕ್ಕೆ ಇವರಿಬ್ಬರೂ ಒಬ್ಬರೇ.

ಜಾರ್ಜರು ಇಂಗ್ಲೆಂಡನ್ನು ಕಂಡವರಲ್ಲ. ಕ್ರಿ.ಶ. 303ರ ಸುಮಾರಿಗೆ ರೋಮ್ ಚಕ್ರವರ್ತಿ ಡಯೋಕ್ಲಿಷಿಯನ್ನನ ಕಾಲದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟ ಸೈನಿಕರೆಂಬುದು ಐತಿಹ್ಯ. 1098ರಲ್ಲಿ ಅಂತಿಯೋಕ್ಯದ ಬಳಿ ಮುಸ್ಲಿಮರೊಡನೆ ಕಾದಾಡಿದ ಕ್ರುಸೇಡ್ ಸೈನಿಕರು, ಜಾರ್ಜರೇ ತಮ್ಮ ನೆರವಿಗೆ ಬಂದರೆಂದು ನಂಬಿದರು. 1348ರಲ್ಲಿ ದೊರೆ ಮೂರನೇ ಎಡ್ವರ್ಡ್ ತನ್ನ ವೀರಯೋಧರ ಬಳಗವನ್ನು ಅವರ ರಕ್ಷಣೆಗೆ ಒಪ್ಪಿಸಿದ. ದೊರೆಗಳಿಗೆ ಬೇಕಾಗಿದ್ದುದು ಸಂತರ ಈಟಿ.

ಬಡವರಿಗೆ ಬೇಕಾಗಿದ್ದುದು ಅವರ ದುವಾ. ಬೆತ್ಲೆಹೇಮ್ ಹತ್ತಿರ ಮುಸ್ಲಿಮರೇ ತುಂಬಿರುವ ಒಂದು ಹಳ್ಳಿಗೆ ಖಿಜರರ ಹೆಸರೇ ಇದೆ: ಅಲ್ ಖದರ್. ಅಲ್ಲಿನ ಸಂತ ಜಾರ್ಜರ ಚರ್ಚಿಗೆ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಕಬ್ಬಿಣದ ಸರಪಳಿಯೊಂದನ್ನು ಕೊರಳಿಗೆ ಹಾಕಿಕೊಂಡು ಬೇಡಿಕೊಳ್ಳುತ್ತಾರೆ. ಲಿದ್ದ್ ಪಟ್ಟಣದಲ್ಲಿ ಜಾರ್ಜರದೆನ್ನುವ ಗೋರಿಯ ಚರ್ಚಿಗೆ ತಾಗಿಕೊಂಡೇ ಖಿಜರ್ ಮಸೀದಿ ನಿಂತಿದೆ.

ಇದನ್ನು ಶಿರ್ಕ್ ಎನ್ನುವವರು ನಮ್ಮಲ್ಲಿದ್ದಾರೆ. ಅವರ ವಾದ ಅವರಿಗಿರಲಿ. ಆದರೆ ಯುದ್ಧದ ಕೂಗನ್ನಷ್ಟೇ ದಾಖಲಿಸಿ, ಕಾಯಿಲೆಯ ಮಗುವನ್ನೆತ್ತಿಕೊಂಡು ನೆರೆಯವರ ಸಂತರ ಬಾಗಿಲಿಗೆ ಬಂದ ತಾಯಿಯನ್ನು ಬಿಟ್ಟರೆ, ಅದು ಧರ್ಮದ ಇತಿಹಾಸವಾಗದು; ದೊರೆಗಳ ಇತಿಹಾಸವಾಗುತ್ತದೆ, ಅಷ್ಟೆ.