ಅಕ್ಕನ ಬಳೆ, ಮಗಳ ಸೆಮಿಸ್ಟರ್

ಇಂಟರ್‌ನ್ಯಾಷನಲ್ ಬಿಸಿನೆಸ್ ಓದುವ ಮಕ್ಕಳು ಒಂದು ಸೆಮಿಸ್ಟರ್ ಹೊರದೇಶಕ್ಕೆ ಹೋಗಿಬರೋದು ಈಗ ನಮ್ಮ ಬಸವೇಶ್ವರನಗರದಲ್ಲೂ ಹೊಸದೇನಲ್ಲ. ಆದರೆ ಅದರ ಖರ್ಚು ನಮ್ಮನೆಗೇ ಬಂದಾಗ "ಅಲ್ಲಿಗೆ ಹೋಗಿ ಅಷ್ಟೇನು ಕಲೀತಾರೆ?" ಅನ್ನೋ ಪ್ರಶ್ನೆ ಏಳುತ್ತೆ ನೋಡಿ!

ನಮ್ಮಕ್ಕನ ಮಗಳು ಜರ್ಮನಿಗೆ ಹೊರಟಾಗ ಹೀಗೇ ಆಯ್ತು. ವೀಸಾ ಬೇಕಂದ್ರೆ ಅಲ್ಲಿ ಬದುಕೋಕೆ ದುಡ್ಡಿದೆ ಅಂತ ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಈ ಲೆಕ್ಕ ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952. ಅಕ್ಕನ ಬಳೆಗಳು ಬ್ಯಾಂಕಿಗೆ ಹೋದವು. ರಾಜಾಜಿನಗರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರೋ ಭಾವ ಎರಡು ದಿನ ಮಾತೇ ಆಡಲಿಲ್ಲ.

ಅವಳ ಮೊದಲ ಪಾಠ ಕ್ಲಾಸಿನಲ್ಲಿ ಆಗಿದ್ದಲ್ಲ. "ಮಾಮ, ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತೆ, ಶನಿವಾರವೇ ಲೆಕ್ಕ ಹಾಕಿ ತಂದಿಟ್ಕೋಬೇಕು" ಅಂತ ಮೆಸೇಜು. ಆಮೇಲೆ, ಪ್ಲಾಸ್ಟಿಕ್ ಬಾಟಲಿಗೆ ಮೊದಲೇ ಕಟ್ಟಿದ್ದ 25 ಸೆಂಟ್ ಡಿಪಾಸಿಟ್, ಖಾಲಿ ಬಾಟಲಿಯನ್ನ ಅಂಗಡಿಯ ಮೆಷಿನ್ನಿಗೆ ಹಾಕಿದ್ರೆ ವಾಪಸ್ ಬರೋ ಕಥೆ.

ಡೇವಿಡ್ ಕೋಲ್ಬ್ ಅನ್ನೋರು 1984ರ ತಮ್ಮ ಪುಸ್ತಕದಲ್ಲಿ ಅನುಭವದ ಕಲಿಕೆಗೆ ನಾಲ್ಕು ಹಂತ ಹೇಳಿದ್ದಾರೆ: ಅನುಭವ, ಅದರ ಬಗ್ಗೆ ಯೋಚನೆ, ಅದರಿಂದೊಂದು ತತ್ವ, ಕೊನೆಗೆ ಅದನ್ನ ಮಾಡಿ ನೋಡೋದು. ಹೊರದೇಶಕ್ಕೆ ಹೋದ ಎಷ್ಟೋ ಮಕ್ಕಳು ಮೊದಲನೇ ಹಂತದಲ್ಲೇ ಫೋಟೋ ತೆಗೆದು ನಿಂತುಬಿಡ್ತಾರೆ ಅಂತ ನನಗನ್ನಿಸುತ್ತೆ.

ಇವಳ ನಾಲ್ಕನೇ ಹಂತ ಭಾವನ ವರ್ಕ್‌ಶಾಪಿನಲ್ಲಿ ಶುರುವಾಯ್ತು. ಮಾಲಿನ್ನೂ ಮೆಷಿನ್ ಮೇಲೇ ಹತ್ತಿಲ್ಲ, ಭಾವ ಫೋನಲ್ಲಿ "ನಾಳೆ ಕೊಟ್ಬಿಡ್ತೀನಿ ಸಾರ್" ಅಂದ್ರು.

"ಅಪ್ಪ, ನಾಳೆ ಅನ್ಬೇಡಿ. ಗುರುವಾರ ಅನ್ನಿ, ಗುರುವಾರವೇ ಕೊಡಿ."

"ಹಂಗಂದ್ರೆ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತೆ ಕಣೇ!"

ಇಬ್ಬರ ಮಾತೂ ನಿಜವೇ. ಇಲ್ಲಿ "ನಾಳೆ" ಅನ್ನೋದು ಗಿರಾಕಿಯನ್ನ ಹಿಡಿದಿಟ್ಕೊಳ್ಳೋ ಮಾತು. ಅವಳು ಅಲ್ಲಿ ಕಂಡಿದ್ದು, ತಾರೀಕು ಅಂದ್ರೆ ಕೊಟ್ಟ ಮಾತು. ಈ ಎರಡು ಲೆಕ್ಕದ ನಡುವಿನ ವ್ಯತ್ಯಾಸ ತಿಳಿಯೋದೇ ಅಂತಾರಾಷ್ಟ್ರೀಯ ವ್ಯಾಪಾರ ಅಲ್ವಾ?

ಕೊನೆಗೆ ಭಾವ ಬೋರ್ಡ್ ಮೇಲೆ ತಾರೀಕು ಬರೆಯೋಕೆ ಶುರುಮಾಡಿದ್ರು. ಒಬ್ಬ ಗಿರಾಕಿ ಹೋದ. ಇನ್ನಿಬ್ಬರು ದಿನಾ ಫೋನ್ ಮಾಡೋದು ಬಿಟ್ಟು, ಹೇಳಿದ ದಿನವೇ ಗಾಡಿ ಕಳಿಸ್ತಿದ್ದಾರೆ.

ಬಳೆಗಳಿನ್ನೂ ಬ್ಯಾಂಕಲ್ಲೇ ಇವೆ. ಅವನ್ನ ಬಿಡಿಸೋದಕ್ಕೂ ಒಂದು ತಾರೀಕು ಬೋರ್ಡ್ ಮೇಲಿದೆ, ಅವಳ ಕೈಬರಹದಲ್ಲಿ... ನೀವೇನಂತೀರಿ, ದುಡ್ಡು ದಂಡವಾಯ್ತಾ?