ಪುಟ್ಟನಿಗೆ ಪ್ರಪಂಚದ ಕತೆ

ಎಂಟು ವರ್ಷದ ಹುಡುಗನಿಗೆ ಪ್ರಪಂಚದ ಇತಿಹಾಸದ ಪುಸ್ತಕ ಬೇಕೆಂದು ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ ಒಂದೋ ಬಣ್ಣ ತುಂಬುವ ಪುಸ್ತಕ ತೆಗೆದುಕೊಡುತ್ತಾರೆ, ಇಲ್ಲವೇ ಕೆ.ಎ.ಎಸ್. ಪರೀಕ್ಷೆಯ ಗೈಡು. ನಡುವಿನದು ಇಲ್ಲವೇ ಇಲ್ಲ. ನಮ್ಮ ಪುಟ್ಟನಿಗೆ ಬೇಕಾದದ್ದು ಆ ನಡುವಿನದೇ.

ಪುಟ್ಟ ನನ್ನ ಕಿರಿಯ ಮಗ. ನಾಲ್ಕು ವರ್ಷಕ್ಕೇ ಪೇಪರಿನ ತಲೆಬರಹ ಓದುತ್ತಿದ್ದ. ಮೂರನೆಯ ತರಗತಿಯ ಪುಸ್ತಕಗಳನ್ನೆಲ್ಲ ಜೂನ್ ತಿಂಗಳಲ್ಲೇ ಓದಿ ಮುಗಿಸಿ, ಆಮೇಲೆ ಬೆಂಚಿನ ಮೇಲೆ ಸುಮ್ಮನೆ ಕೂರುವುದು, ಪ್ರಶ್ನೆ ಕೇಳಿ ಗದರಿಸಿಕೊಳ್ಳುವುದು, ಇಷ್ಟೇ ಆಯಿತು. ದೀಪಾವಳಿ ಹೊತ್ತಿಗೆ ಮನೆಯಲ್ಲೂ ಪ್ರಶ್ನೆ ಕೇಳುವುದನ್ನು ಬಿಟ್ಟ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಮಗು ಹಟ ಮಾಡಿದರೆ ತಾಯಿ ತಡೆದುಕೊಂಡಾಳು, ಮಾತೇ ನಿಂತುಹೋದರೆ? ಮನೆಯವರೂ ನಾನೂ ನಾಲ್ಕು ರಾತ್ರಿ ಯೋಚಿಸಿ, ಕೆಲವು ಕಾಲ ಮನೆಯಲ್ಲೇ ಕಲಿಸೋಣವೆಂದು ನಿಶ್ಚಯಿಸಿದೆವು. “ಎಸ್ಸೆಸ್ಸೆಲ್ಸಿ ಓದಿದವಳು ನೀನೇನು ಕಲಿಸ್ತೀಯೇ?” ಎಂದು ಅತ್ತೆ ಕೇಳಿದರು. ಕೇಳಬೇಕಾದ ಮಾತೇ. ಮುಂದೆ ಪರೀಕ್ಷೆಯ ಗತಿ ಏನು ಎನ್ನುವವರಿಗೆ ಮಾತ್ರ ಉತ್ತರವಿದೆ: ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಕೂರಬಹುದು.

ಲೆಕ್ಕ, ಕನ್ನಡ ಹೇಗೋ ಸಾಗಿತು. ಹುಡುಗನ ಮಾತು ಮರಳಿ ಬಂದದ್ದು ಇತಿಹಾಸದಿಂದ.

ಮೊದಲು ಕೈಗೆ ಬಂದದ್ದು ನೆಹರೂ ಅವರು ಮಗಳಿಗೆ ಬರೆದ ಪತ್ರಗಳು. 1928ರಲ್ಲಿ ಹತ್ತು ವರ್ಷದ ಇಂದಿರಾ ಮಸ್ಸೂರಿಯಲ್ಲಿದ್ದಾಗ ಅಲಹಾಬಾದಿನಿಂದ ಬರೆದವು. ಪಿಯುಸಿ ಓದುವ ದೊಡ್ಡ ಮಗಳು ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳುವುದು, ನಾನು ಅದನ್ನು ನಮ್ಮ ಮನೆ ಮಾತಿನಲ್ಲಿ ಪುಟ್ಟನಿಗೆ ಹೇಳುವುದು. ರಾಜರಿಂದ ಆರಂಭಿಸದೆ ಭೂಮಿ ಹುಟ್ಟಿದ್ದರಿಂದ ಆರಂಭಿಸಿದ್ದಾರೆ. ನನಗೆ ಹಿಡಿಸಿದ್ದು ಅದೇ. ಜೈಲಿನಲ್ಲಿ ಬರೆದ 196 ಪತ್ರಗಳ ದೊಡ್ಡ ಪುಸ್ತಕ ಬೇರೆ ಇದೆ. ಅದು ಇನ್ನೂ ಐದಾರು ವರ್ಷ ಕಪಾಟಿನಲ್ಲಿರಲಿ.

ಗೋಂಬ್ರಿಚ್ ಎಂಬುವರ ಪುಟ್ಟ ಇತಿಹಾಸವನ್ನು ನನ್ನ ತಮ್ಮ ಬೆಂಗಳೂರಿನಿಂದ ತಂದುಕೊಟ್ಟ. ವಿಯೆನ್ನಾದಲ್ಲಿ ಆರೇ ವಾರದಲ್ಲಿ ಬರೆದು 1935ರಲ್ಲಿ ಅಚ್ಚಾದದ್ದು, ಇಂಗ್ಲಿಷಿಗೆ ಬಂದದ್ದು 2005ರಲ್ಲಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ ಹಾಗಿದೆ. ಆದರೆ ಯುರೋಪಿನ ಜಗಲಿಯ ಮೇಲೆ ಕೂತು ನೋಡಿದ ಪ್ರಪಂಚ ಅದು. ನಮ್ಮ ಕಡೆಗೆ ಕಣ್ಣು ಹಾಯುವುದು ಅಪರೂಪ. ಅದೊಂದನ್ನೇ ನಂಬಿದರೆ ಮಗು ನಮ್ಮವರು ಏನೂ ಮಾಡಲಿಲ್ಲವೇನೋ ಅಂದುಕೊಂಡೀತು. ಕಾರಂತರ ಮೂರು ಸಂಪುಟದ ‘ಬಾಲ ಪ್ರಪಂಚ’ ಗ್ರಂಥಾಲಯದಲ್ಲಿ ಸಿಕ್ಕಿತು. ಹಳೆಯದಾದ್ದರಿಂದ ಎಷ್ಟೋ ಸಂಗತಿ ಬದಲಾಗಿವೆ, ಆದರೂ ಅದರ ಕನ್ನಡಕ್ಕಾಗಿ ಓದಿಸಿದೆ. ಪಕ್ಕದ ಮನೆಯ ಹುಡುಗಿಯ ಎಂಟನೆಯ ತರಗತಿಯ ಹಳೆಯ ಸಮಾಜ ವಿಜ್ಞಾನ ಪುಸ್ತಕವೂ ಬಂತು. ಮೊಬೈಲಿನ ವಿಡಿಯೋಗಳೂ ಇವೆ, ಆದರೆ ಅವು ಓಡುವ ವೇಗಕ್ಕೆ ಮಗು ನಡುವೆ ಬಾಯಿ ಹಾಕಲಾರದು. ನನ್ನ ಪರೀಕ್ಷೆ ಒಂದೇ: ಒಂದು ಪುಟ ಗಟ್ಟಿಯಾಗಿ ಓದಿದಾಗ ಪುಟ್ಟ ಮೂರು ಸಲವಾದರೂ ತಡೆದು ಕೇಳಬೇಕು. ಹಾಗೆ ಕೇಳಿಸದ ಪುಸ್ತಕ ಎಷ್ಟು ಬಣ್ಣದ್ದಾದರೂ ಗ್ರಂಥಾಲಯಕ್ಕೆ ವಾಪಸು.

ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಅಂಟಿಸಿ ಪಡಸಾಲೆಯ ಗೋಡೆಗೆ ಉದ್ದದ ಪಟ್ಟಿ ಮಾಡಿದೆವು. ಐನೂರು ವರ್ಷಕ್ಕೆ ಒಂದು ಗೇಣು. ಈಜಿಪ್ಟಿನ ದೊಡ್ಡ ಪಿರಮಿಡ್ ಕ್ರಿ.ಪೂ. 2560ರ ಸುಮಾರಿನದು, ರಾಣಿ ಕ್ಲಿಯೋಪಾತ್ರ ಸತ್ತದ್ದು ಕ್ರಿ.ಪೂ. 30ರಲ್ಲಿ. ಅಳೆದರೆ ನಡುವೆ ಐದು ಗೇಣು. ಆಕೆಯಿಂದ ನಮ್ಮವರೆಗೆ ಬರೀ ನಾಲ್ಕು ಚಿಲ್ಲರೆ! “ಹಾಗಾದ್ರೆ ಅವಳಿಗೂ ಪಿರಮಿಡ್ಡು ಹಳೇದೇ ಅಲ್ವೇನಮ್ಮಾ?” ಎಂದು ಪುಟ್ಟ ಕುಣಿದ. ಹಲ್ಮಿಡಿ ಶಾಸನವನ್ನು 450ರ ಸುಮಾರಿಗೆ ಗುರುತಿಸಿದರೆ, ಪಶ್ಚಿಮ ರೋಮ್ ಸಾಮ್ರಾಜ್ಯ ಬಿದ್ದ 476 ಅದರ ಮಗ್ಗುಲಲ್ಲೇ ಬಂತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿವೆ ಎಂದು ಹೇಳಿದ ಮೇಲಂತೂ ರೋಮ್ ಅವನಿಗೆ ಅಜ್ಜಿಯ ಊರಿನಷ್ಟು ಹತ್ತಿರ.

ಆದರೆ ಎಲ್ಲಕ್ಕಿಂತ ಒಳ್ಳೆಯ ಪುಸ್ತಕ ನಮ್ಮ ಅಡಿಗೆಮನೆಯಲ್ಲೇ ಇತ್ತು, ಸೋದರಿಯರೇ. ಮೆಣಸಿನಕಾಯಿ ಅಮೆರಿಕ ಖಂಡದ್ದು. 1498ರ ನಂತರ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ನಮ್ಮದು ಕರಿಮೆಣಸು. ಅದರ ಖಾರ ಇದಕ್ಕೂ ಇದ್ದದ್ದರಿಂದ ಮೆಣಸಿನ ಹೆಸರೇ ಈ ಕಾಯಿಗೂ ಅಂಟಿತು. ಆಲೂಗೆಡ್ಡೆ, ಟೊಮೇಟೊ, ಕಡಲೆಕಾಯಿ, ಗೋಡಂಬಿ, ಮುಸುಕಿನ ಜೋಳ, ಪರಂಗಿ, ಸೀಬೆ, ಎಲ್ಲ ಆ ಕಡೆಯವೇ. “ಹಾಗಾದ್ರೆ ವಿಷ್ಣುವರ್ಧನ ಮಹಾರಾಜ ಸಾರಿಗೆ ಏನು ಹಾಕ್ತಿದ್ದ?” ಎಂದು ಪುಟ್ಟ ಕೇಳಿದ. ಒಂದು ಭಾನುವಾರ ಇವೊಂದನ್ನೂ ಮುಟ್ಟದೆ ಅಡಿಗೆ ಮಾಡಿದೆ. ತೊಗರಿಬೇಳೆ, ಕರಿಮೆಣಸು, ಜೀರಿಗೆ, ಹುಣಿಸೆಯ ಸಾರು, ತುಪ್ಪದ ಇಂಗಿನ ಒಗ್ಗರಣೆ. ಕಾಯಿ ತುರಿ ಹಾಕಿದ ಬದನೆಕಾಯಿ ಪಲ್ಯ. ಬರೀ ಉದ್ದು ರುಬ್ಬಿದ ಇಡ್ಲಿ. ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ ಹನ್ನೆರಡನೆಯ ಶತಮಾನದಲ್ಲಿ, ಇಡ್ಡರಿಕೆ ಎಂದು ಬರುವುದು ಉದ್ದಿನದೇ. ಸ್ವಲ್ಪ ಗಟ್ಟಿಯಾಯಿತು, ಆದರೂ ಉಳಿಯಲಿಲ್ಲ. ಕಾಫಿಯೂ ಯೆಮನ್‌ನಿಂದ ಬಾಬಾಬುಡನ್ ತಂದದ್ದೆಂದು ಪ್ರತೀತಿ ಇರುವುದರಿಂದ ಅದನ್ನೂ ಕೊಡಲಿಲ್ಲ. ಮನೆಯವರು, “ಇತಿಹಾಸ ನಾಳೆ ಕಲಿಸು ಮಾರಾಯ್ತಿ, ಒಂದು ಲೋಟ ಕಾಫಿ ಕೊಡು” ಎಂದರು!

ಕಷ್ಟವಾದದ್ದು ಯುದ್ಧಗಳ ವಿಷಯ. ಇಂಥ ಮಕ್ಕಳ ಬುದ್ಧಿಗೆ ಹದಿಮೂರು ವರ್ಷವಾದರೂ ಮನಸ್ಸಿಗೆ ಎಂಟೇ. ಗ್ರಂಥಾಲಯದ ಪುಸ್ತಕವೊಂದರಲ್ಲಿ ಪುಟ್ಟ ತಾನಾಗಿಯೇ ಹಿರೋಶಿಮಾದ ಪುಟ ಹುಡುಕಿ ಓದಿದ. ಎರಡು ರಾತ್ರಿ ನಿದ್ದೆಯಿಲ್ಲ. “ನಮ್ಮೂರಿಗೂ ಹಾಕ್ತಾರಾ?” ಎಂದು ನನ್ನ ಸೆರಗು ಹಿಡಿದುಕೊಂಡೇ ಮಲಗಿದ. ಪುಸ್ತಕ ಬಚ್ಚಿಡು ಎಂದರು ಅತ್ತೆ. ಬಚ್ಚಿಟ್ಟರೆ ಅರ್ಧ ತಿಳಿದದ್ದು ಇನ್ನೂ ದೊಡ್ಡ ಭೂತವಾದೀತು ಎಂದು ನನಗನ್ನಿಸಿತು. ಮೂರನೆಯ ದಿನ ಹಗಲು ಹೊತ್ತಿನಲ್ಲಿ, ಪಕ್ಕದಲ್ಲಿ ಕೂರಿಸಿಕೊಂಡು ಸಡಾಕೋ ಎಂಬ ಹುಡುಗಿಯ ಕತೆ ಹೇಳಿದೆ. 1945ರಲ್ಲಿ ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಹತ್ತು ವರ್ಷದ ಮೇಲೆ ರಕ್ತದ ಕ್ಯಾನ್ಸರ್ ಬಂದು, ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಿಸುತ್ತ, 1955ರಲ್ಲಿ ತೀರಿಕೊಂಡಳು. 1958ರಲ್ಲಿ ಅಲ್ಲಿ ಮಕ್ಕಳ ಸ್ಮಾರಕ ಎದ್ದಿತು. ಪುಟ್ಟ ಅತ್ತ, ನಾನೂ ಅತ್ತೆ. ಆಮೇಲೆ ಅಕ್ಕನನ್ನು ಕರೆದು ಕೊಕ್ಕರೆ ಮಡಿಸುವುದು ಕಲಿಸಿಕೊಂಡ. ದೇವರ ಗೂಡಿನ ಪಕ್ಕ ಈಗ ಅರವತ್ತೋ ಎಪ್ಪತ್ತೋ ಇವೆ, ಧೂಳು ಹೊಡೆಯುವ ಕೆಲಸ ನನ್ನದು. ಅಂದಿನಿಂದ ಒಂದು ಕಟ್ಟುಪಾಡು: ಯುದ್ಧ, ಗುಲಾಮಗಿರಿಯ ಪುಟಗಳನ್ನು ಬೆಳಗ್ಗೆಯೇ ಓದಬೇಕು, ಒಬ್ಬನೇ ಓದಕೂಡದು. ನಾನು ಮೊದಲು ಓದಿಟ್ಟಿರುತ್ತೇನೆ.

ಈಗ ದಿನಕ್ಕೆ ಇಪ್ಪತ್ತು ಪ್ರಶ್ನೆ. ಸದ್ಯಕ್ಕೆ ಚೆಂಗಿಸ್ ಖಾನನ ಹುಚ್ಚು ಹಿಡಿದಿದೆ. ಮಂಗೋಲರ ಬಗ್ಗೆ ಮಕ್ಕಳಿಗೆ ತಕ್ಕ ಕನ್ನಡ ಪುಸ್ತಕ ಯಾವುದಾದರೂ ಇದ್ದರೆ, ಓದಿದ ಸೋದರಿಯರು ಇದೇ ಪತ್ರಿಕೆಗೆ ಬರೆದು ತಿಳಿಸಿ. ಬೇಗ ತಿಳಿಸಿದರೆ ಉಪಕಾರ, ಅವನು ನನ್ನನ್ನು ಬಿಡುತ್ತಿಲ್ಲ.